ನಾಲ್ಕು ಇಂಚು ನಳಿಗೆ

೧೯೬೧ನೆಯ ಇಸವಿ ಮಾರ್ಚ್ ೩, ಶುಕ್ರವಾರ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹಸನಬ್ಬನಿಗೆ ಮಾತನಾಡುವಷ್ಟು ಉಸಿರು ಉಳಿದಿರಲಿಲ್ಲ. ಇಚಿಲಂಪಾಡಿಯ ಕಡವಿನಲ್ಲಿ ದೋಣಿ ನಡೆಸುವವನು ಅವನು. ಆರು ಮೈಲಿ ದಾರಿಯನ್ನು ಅರ್ಧ ನಡೆದು ಅರ್ಧ ಓಡಿ ಬಂದಿದ್ದ. ಹೆಡ್ ಕಾನ್‌ಸ್ಟೇಬಲ್ ಚನಿಯಪ್ಪ ಚೊಂಬಿನಲ್ಲಿ ನೀರು ತಂದು ಹಿಡಿದರೆ, ರಂಜಾನಿನ ಉಪವಾಸದಲ್ಲಿದ್ದ ಅವನು ಕೈಯಾಡಿಸಿ ಬೇಡವೆಂದ.

“ನೋಂಬು,” ಎಂದ. ಆಮೇಲೆ, “ದೇರಣ್ಣ ಗೌಡ್ರಿಗೆ ಗುಂಡು ಬಿತ್ತು ಸಾರ್.”

ಸಬ್ ಇನ್ಸ್‌ಪೆಕ್ಟರ್ ರಾಮಪ್ರಸಾದರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಮಂಗಳೂರಿನಿಂದ ವರ್ಗವಾಗಿ ಅವರು ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ದನ ಕಳವು, ಕಳ್ಳಭಟ್ಟಿ, ಬೇಲಿ ಜಗಳ, ಇಷ್ಟನ್ನು ಬಿಟ್ಟು ಬೇರೇನನ್ನೂ ಈ ಸೀಮೆ ಅವರಿಗೆ ತೋರಿಸಿರಲಿಲ್ಲ. ತಿಳಿಯದ್ದನ್ನು ತಿಳಿದವರಂತೆ ನಟಿಸುವ ಅಭ್ಯಾಸ ಅವರಿಗಿರಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಇದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಮೇಲಿನವರೇ ಹೇಳಬೇಕು.

“ಯಾರು ಹೊಡೆದದ್ದು?”

“ಗೊತ್ತಿಲ್ಲ.”

“ಎಷ್ಟು ಹೊತ್ತಿಗೆ?”

“ಆರೂಮುಕ್ಕಾಲು ಆಗಿರಬೇಕು. ನಾನು ಗುಡಿಸಲಿನಲ್ಲಿ ಇದ್ದೆ. ಢಂ ಅಂತ ದೊಡ್ಡ ಶಬ್ದ. ಓಡಿ ಬಂದು ನೋಡುವಾಗ ಗೌಡ್ರು ಕಡವಿನ ಮೆಟ್ಟಿಲಲ್ಲಿ ಬಿದ್ದಿದ್ದರು. ಮಿಂದು ಮೇಲೆ ಬಂದದ್ದು.”

“ಜೀವ?”

“ಇತ್ತು. ನಾಲ್ಕು ಜನ ಸೇರಿ ಮಂಚದಲ್ಲಿ ಎತ್ತಿಕೊಂಡು ಹೋಗಿ ಲಾರಿಗೆ ಹಾಕಿದೆವು. ಪುತ್ತೂರಿಗೆ ಹೋಯ್ತು.”

ಎಫ್‌ಐಆರ್ ದಾಖಲಾಯಿತು. ಕೊಲೆಯತ್ನ. ದೇರಣ್ಣ ತೀರಿಕೊಂಡರೆ ಕೊಲೆ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಕಡವಿನಲ್ಲಿ ಒಂಬತ್ತು ಕಲ್ಲಿನ ಮೆಟ್ಟಿಲು. ಐದನೆಯದರಲ್ಲಿ ರಕ್ತ. ಬಲಗಡೆ ನಾಲ್ಕು ಮೊಳ ದೂರದಲ್ಲಿ ಕೇದಗೆಯ ಪೊದೆ. ಎಡಗಡೆ ಹೊನ್ನೆ ಮರದ ಬುಡಕ್ಕೆ ಸಂಕೋಲೆ ಹಾಕಿ ಬೀಗ ಜಡಿದ ದೋಣಿ. ಹೊಳೆಯ ಅಗಲ ಹಗ್ಗ ಎಳೆದು ನೋಡಿದರೆ ಎಂಬತ್ತು ಗಜ. ತೋಟೆಯ ಖಾಲಿ ಕೋಶ ಎಲ್ಲಿಯೂ ಸಿಗಲಿಲ್ಲ. ಪಂಚರಾಗಿ ಸಹಿ ಹಾಕಿದವರು ಇಬ್ಬರು. ಒಬ್ಬ ಹಸನಬ್ಬ. ಇನ್ನೊಬ್ಬ ಮಂಚ ಹೊತ್ತು ಬಂದಿದ್ದ ಕುಕ್ಕಪ್ಪ ಎಂಬ ಮೂವತ್ತರ ರೈತ. ಹೆಗಲಲ್ಲಿ ಇನ್ನೂ ರಕ್ತದ ಕಲೆ ಇದ್ದ ಆ ಕುಕ್ಕಪ್ಪ, ಮಾತಿಲ್ಲದೆ ತೋರಿಸಿದ ಕಡೆ ಸಹಿ ಹಾಕಿ, ಪೆನ್ನನ್ನು ಅಂಗಿಗೆ ಒರೆಸಿ ಹಿಂದೆ ಕೊಟ್ಟ.

ಮಧ್ಯಾಹ್ನ ಮೂರಕ್ಕೆ ಪುತ್ತೂರಿನಲ್ಲಿ ಡಾಕ್ಟರರು ಗುಂಡನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. “ಎದೆಯ ಬಲಗಡೆ ಎರಡು ಇಂಚು ಹೋಗಿದೆ ಅಷ್ಟೆ. ಪಕ್ಕೆಲುಬು ಮುರಿದು ಅಲ್ಲಿಯೇ ಕೂತಿತ್ತು. ಚರ್ಮದ ಮೇಲೆ ಕೋವಿಮದ್ದಿನ ಕಲೆ ಇಲ್ಲ.”

“ದೂರದಿಂದ ಹೊಡೆದದ್ದು ಅಂತ ಬರೆದುಕೊಳ್ಳಬಹುದಾ?”

“ಆಳ ಇಷ್ಟು ಎಂದು ನಾನು ಹೇಳಬಲ್ಲೆ. ದೂರ ಎಷ್ಟು ಎಂದು ಹೇಳುವುದು ನಿಮ್ಮ ಕೆಲಸ. ಜ್ವರ ಏರಿದೆ. ವಾರ ಕಳೆಯದೆ ಬದುಕುತ್ತಾರೆಂದು ನಾನು ಮಾತು ಕೊಡಲಾರೆ.”

ದೇರಣ್ಣ ಮಲಗಿದಲ್ಲಿಂದಲೇ ನಾಲ್ಕು ಮಾತು ಹೇಳಿದ. “ತಲೆ ಒರೆಸ್ತಾ ಇದ್ದೆ. ಬೈರಾಸು ಮೋರೆ ಮೇಲೆ ಇತ್ತು, ಎಂತದೂ ಕಾಣ್ತಾ ಇರಲಿಲ್ಲ. ಎದೆಗೆ ಯಾರೋ ಒದ್ದ ಹಾಗಾಯ್ತು. ಬೈರಾಸು ಜಾರುವಾಗ ಆಚೆ ದಡದಲ್ಲಿ ಬೆಳ್ಯಪ್ಪ ಕೈ ಎತ್ತಿ ನಿಂತದ್ದು ಕಂಡೆ.”

ಬೆಳ್ಯಪ್ಪನ ಹೆಸರು ಕೇಳಿದ್ದೇ ತಡ, ಚನಿಯಪ್ಪ ತಲೆಯಾಡಿಸಿದ. ಬರ್ಮಾ ಯುದ್ಧಕ್ಕೆ ಹೋಗಿ ಜಮಾದಾರನಾಗಿ ನಿವೃತ್ತಿಯಾದವನು ಬೆಳ್ಯಪ್ಪ. ಲೈಸೆನ್ಸ್ ಇರುವ ರಿವಾಲ್ವರ್ ಆ ಸೀಮೆಯಲ್ಲಿ ಅವನೊಬ್ಬನಲ್ಲೇ ಇತ್ತು. ಮೂವತ್ತೆಂಟರ ಬೋರು, ಐದು ಇಂಚು ನಳಿಗೆ. ಡಾಕ್ಟರರು ಕೊಟ್ಟ ಗುಂಡನ್ನು ಅದರ ತೋಟೆಯ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಂಡಿತು. ವೈರಕ್ಕೂ ಆಧಾರವಿತ್ತು. ಕಡವಿನ ಗುತ್ತಿಗೆ ದೇರಣ್ಣನದು. ಅವನು ದೋಣಿಗೆ ಬೀಗ ಹಾಕಿ ಕೀಲಿಕೈ ಇಟ್ಟುಕೊಳ್ಳುತ್ತಾನೆಂದು ಬೆಳ್ಯಪ್ಪ ಒಂದೂವರೆ ವರ್ಷದ ಹಿಂದೆ ತಹಸೀಲ್ದಾರರಿಗೆ ಬರೆದ ಅರ್ಜಿಯ ನಕಲು ಠಾಣೆಯ ಕಡತದಲ್ಲೇ ಇತ್ತು. ರಾಮಪ್ರಸಾದರು ಅದರ ಮೊದಲ ಎರಡು ಸಾಲು ಓದಿ, ‘ಹಳೇ ದ್ವೇಷ’ ಎಂದು ಬದಿಯಲ್ಲಿ ಗುರುತು ಹಾಕಿದರು. ಮುಂದೆ ಓದಲಿಲ್ಲ. ಇದಕ್ಕಾಗಿ ಅವರು ಆಮೇಲೆ ತಮ್ಮನ್ನೇ ಬೈದುಕೊಂಡರು.

ಮಾರ್ಚ್ ೪, ಸಂಜೆ ಐದು ಗಂಟೆ. ಬೆಳ್ಯಪ್ಪನ ಮನೆಯ ಜಗಲಿ.

“ಕೈ ಎತ್ತಿ ನಿಂತದ್ದು ಯಾಕೆ?”

“ದೋಣಿ ಕರೀಲಿಕ್ಕೆ. ಕಡಬಕ್ಕೆ ಹೋಗುದಿತ್ತು.”

“ಎಂತ ಕಂಡಿರಿ?”

“ಕೇದಗೆ ಪೊದೆಯಲ್ಲಿ ಬೆಂಕಿ ಮಿಂಚಿತು. ದೇರಣ್ಣ ಬಿದ್ದ. ಅಷ್ಟು ಬೆಂಕಿ ನೋಡಿ ಯಾರದ್ದೋ ಮದ್ದು ಜಡಿಯುವ ಕೇಪಿನ ಕೋವಿ ಅಂತ ಎಣಿಸಿದೆ.”

“ಗಾಯದೊಳಗೆ ಸಿಕ್ಕಿದ್ದು ರಿವಾಲ್ವರಿನ ಗುಂಡು.”

ಬೆಳ್ಯಪ್ಪನಿಗೂ ಗೊಂದಲವಾದದ್ದು ಮುಖದಲ್ಲಿ ಕಾಣುತ್ತಿತ್ತು.

“ನಿಮ್ಮ ರಿವಾಲ್ವರಿನಿಂದ ಕೊನೆಗೆ ಹೊಡೆದದ್ದು ಯಾವಾಗ?”

“ಸೋಮವಾರ. ಮಂಗ ಓಡಿಸಲಿಕ್ಕೆ.”

“ಇದು ಬಿಟ್ಟು ಬೇರೆ ರಿವಾಲ್ವರ್ ಉಂಟಾ ನಿಮ್ಮಲ್ಲಿ?”

“ಇಲ್ಲ.”

“ಈ ಊರಿನಲ್ಲಿ ಬೇರೆ ಯಾರಲ್ಲಾದರೂ?”

“ಯಾರಲ್ಲಿಯೂ ಇಲ್ಲ.”

ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆದುಕೊಳ್ಳುವ ಮನುಷ್ಯನನ್ನು ರಾಮಪ್ರಸಾದರು ಅದುವರೆಗೆ ಕಂಡಿರಲಿಲ್ಲ. ದಸ್ತಗಿರಿ ಮಾಡಿದರು. ಪುತ್ತೂರಿನ ಮ್ಯಾಜಿಸ್ಟ್ರೇಟರು ಎಂಟು ದಿನ ಠಾಣೆಯ ವಶಕ್ಕೆ ಕೊಟ್ಟರು. ಪುತ್ತೂರಿನಲ್ಲಿ ದೇರಣ್ಣನ ಜ್ವರ ಏರಿದ ಹಾಗೆಲ್ಲ ಇಲ್ಲಿ ಬೆಳ್ಯಪ್ಪನ ಸೆಕ್ಷನ್ನು ನೇಣಿನ ಹತ್ತಿರ ಸರಿಯುತ್ತಿತ್ತು. ಅವನ ಹೆಂಡತಿ ಕುಮುದಿನಿ ದಿನಾ ಬೆಳಿಗ್ಗೆ ಗಂಜಿಯ ತೂಕುಪಾತ್ರೆ ಹಿಡಿದು ಬಂದು, ಲಾಕಪ್ಪಿನ ಸರಳಿನ ಹೊರಗೆ ಕೂತು, ಗಂಡ ಉಣ್ಣುವುದನ್ನು ನೋಡಿ, ಮೊದಲು ಆಸ್ಪತ್ರೆಯ ಸುದ್ದಿ ಕೇಳುತ್ತಿದ್ದಳು.

“ದೇರಣ್ಣ ಭಾವನಿಗೆ ಹೇಗುಂಟು?”

“ಹಾಗೇ ಉಂಟು,” ಎನ್ನುತ್ತಿದ್ದ ಚನಿಯಪ್ಪ, ಅವಳ ಮುಖ ನೋಡದೆ.

ಇಲ್ಲಿಗೆ ಕೇಸು ಮುಗಿಯಬೇಕಿತ್ತು. ಮಾರ್ಚ್ ೬ರಂದು ಚನಿಯಪ್ಪ ಆಸ್ಪತ್ರೆಯಿಂದ ಒಂದು ಬಟ್ಟೆಗಂಟು ಹೊತ್ತು ತಂದು ಎಲ್ಲವನ್ನೂ ಕೆಡಿಸಿದ. ದೇರಣ್ಣನ ಹೆಂಡತಿ ದುಗ್ಗಮ್ಮ ರಕ್ತದ ಬಟ್ಟೆಯನ್ನು ಹೊಳೆಗೆ ಬಿಡಬೇಕೆಂದು ತೊಳೆಯದೆ ಕಟ್ಟಿಟ್ಟಿದ್ದಳು. ಗಂಟಿನಲ್ಲಿ ಆ ಬೈರಾಸು ಇತ್ತು. ಗುಂಡು ಹೊಕ್ಕ ತೂತಿನ ಸುತ್ತ ಒಂದು ಅಂಗೈ ಅಗಲಕ್ಕೆ ಬಟ್ಟೆ ಕರಿಹಿಡಿದಿತ್ತು. ಅದರಾಚೆಗೆ ಕರಿಮೆಣಸಿನ ಪುಡಿ ಚಿಮುಕಿಸಿದಂತೆ ಅರೆಬೆಂದ ಮದ್ದಿನ ಕಾಳು. ತಲೆ ಒರೆಸುವಾಗ ಬೈರಾಸಿನ ತುದಿ ಎದೆಯ ಮೇಲೆ ಇಳಿಬಿದ್ದಿತ್ತು, ಆದ್ದರಿಂದಲೇ ಚರ್ಮದ ಮೇಲೆ ಕಲೆ ಇರಲಿಲ್ಲ.

“ಇದು ಮೂರು ಮೊಳದಿಂದ ಹೊಡೆದದ್ದು,” ಎಂದರು ರಾಮಪ್ರಸಾದರು.

“ಹಾಗಾದ್ರೆ ಗುಂಡು ಬೆನ್ನಿನಿಂದ ಹೊರಗೆ ಬರಬೇಕಿತ್ತಲ್ಲ ಸಾರ್?”

“ಬರಬೇಕಿತ್ತು.”

“ಬರಲಿಲ್ಲ.”

“ಬರಲಿಲ್ಲ ಮಾರಾಯ್ರೆ, ನನಗೂ ಗೊತ್ತುಂಟು!”

ಹತ್ತಿರ ಎಂದರೆ ಗಾಯ ಒಪ್ಪುವುದಿಲ್ಲ, ದೂರ ಎಂದರೆ ಬೈರಾಸು ಒಪ್ಪುವುದಿಲ್ಲ. ಆ ದಿನದ ಕೇಸ್ ಡೈರಿಯಲ್ಲಿ ರಾಮಪ್ರಸಾದರು ಒಂದು ವಾಕ್ಯ ಬರೆದು ಹೊಡೆದುಹಾಕಿದರು. ಇನ್ನೊಂದು ಬರೆದರು, ಅದನ್ನೂ ಹೊಡೆದುಹಾಕಿದರು. ಕೊನೆಗೆ ‘ತನಿಖೆ ಮುಂದುವರಿದಿದೆ’ ಎಂದು ಬರೆದರು. ತಲೆ ಓಡದ ದಿನ ಎಲ್ಲ ಠಾಣೆಗಳಲ್ಲಿಯೂ ತನಿಖೆ ಹಾಗೆಯೇ ಮುಂದುವರಿಯುತ್ತದೆ.

ಮಾರ್ಚ್ ೭, ಬೆಳಿಗ್ಗೆ ಎಂಟು ಗಂಟೆ. ಕಡವಿನ ಮೆಟ್ಟಿಲ ಮೇಲೆ ತೊಡೆಗಾತ್ರದ ಬಾಳೆದಿಂಡುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ, ಮುಂದೆ ಒದ್ದೆ ಬೈರಾಸು ಇಳಿಬಿಟ್ಟರು. ಬೆಳ್ಯಪ್ಪನ ರಿವಾಲ್ವರಿನಿಂದ ಮೂರು ಮೊಳ ದೂರದಲ್ಲಿ ನಿಂತು ರಾಮಪ್ರಸಾದರೇ ಹೊಡೆದರು. ಗುಂಡು ಮೂರು ದಿಂಡು ದಾಟಿ ನಾಲ್ಕನೆಯದರಲ್ಲಿ ನಿಂತಿತು. ಬೈರಾಸಿನಲ್ಲಿ ಮದ್ದಿನ ಕಾಳು ಬಿದ್ದದ್ದು ಸ್ವಲ್ಪವೇ. ಆಮೇಲೆ ಅರ್ಧ ಮೈಲಿ ಮೇಲೆ ನೀರು ಕಡಿಮೆ ಇರುವಲ್ಲಿ ಹೊಳೆ ದಾಟಿ, ಬೆಳ್ಯಪ್ಪ ನಿಂತಿದ್ದ ಜಾಗದಿಂದ ಹೊಡೆದರು. ನಾಲ್ಕು ತೋಟೆ ನೀರು ಪಾಲಾಯಿತು. ಐದನೆಯದು ತಾಗಿತು. ಅಲ್ಲಿಂದ ಬಂದ ಗುಂಡು ಕೂಡ ಎರಡು ದಿಂಡು ದಾಟಿ ಮೂರನೆಯದರ ಹೊಟ್ಟೆಯಲ್ಲಿತ್ತು.

ಎಂಬತ್ತು ಗಜಕ್ಕೆ ಆ ಭಾರದ ಗುಂಡಿನ ಕಸುವು ಅಷ್ಟೇನೂ ಇಳಿಯುವುದಿಲ್ಲವೆಂದು ಅವತ್ತು ಅವರಿಗೆ ತಿಳಿಯಿತು. ಅಂದರೆ ಬೆಳ್ಯಪ್ಪನ ರಿವಾಲ್ವರಿನಿಂದ ಹತ್ತಿರ ಹೊಡೆದರೂ ದೂರ ಹೊಡೆದರೂ ದೇರಣ್ಣನ ಎದೆಯಲ್ಲಿ ಎರಡೇ ಇಂಚಿಗೆ ಗುಂಡು ನಿಲ್ಲುವ ಹಾಗಿರಲಿಲ್ಲ. ಒಬ್ಬ ಆರೋಪಿ ಕೈತಪ್ಪುತ್ತಿದ್ದಾನೆ ಎನ್ನುವ ಕಿರಿಕಿರಿಗಿಂತ, ನಿರಪರಾಧಿಯನ್ನು ಮೂರು ದಿನದಿಂದ ಕೂಡಿಹಾಕಿದ್ದೇನೋ ಎಂಬ ಸಂಕಟವೇ ಅವರಿಗೆ ಹೆಚ್ಚಾಯಿತು.

“ತೋಟೆ ತೇವ ಆಗಿದ್ದರೆ?” ಎಂದ ಚನಿಯಪ್ಪ.

“ಕೇಳುವ.”

“ಯಾರ ಹತ್ತಿರ ಸಾರ್?”

“ಗೊತ್ತಿರುವವರು ಒಬ್ಬರೇ ಉಂಟಲ್ಲ, ನಮ್ಮ ಲಾಕಪ್ಪಿನಲ್ಲಿ.”

ಹೀಗೆ ಆರೋಪಿಯ ಮುಂದೆಯೇ ಬೈರಾಸು ಬಿಡಿಸಿ, ಗುಂಡನ್ನು ಅಂಗೈಗೆ ಕೊಟ್ಟು ಸಲಹೆ ಕೇಳಿದ್ದು ಆ ಠಾಣೆಯಲ್ಲಿ ಅದೇ ಮೊದಲು. ಬೆಳ್ಯಪ್ಪ ಬೈರಾಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕಾಳುಗಳನ್ನು ಉಗುರಿನಿಂದ ಕೆದಕಿದ.

“ತೇವ ಅಲ್ಲ. ತೇವ ಆದ್ರೆ ಟುಸ್ ಅಂತ ಆಗುದು. ಹಸನಬ್ಬನಿಗೆ ಢಂ ಅಂತ ಕೇಳಿದೆ, ನಾನು ಬೆಂಕಿ ಕಂಡಿದ್ದೇನೆ. ಮದ್ದು ಸರಿಯೇ ಇತ್ತು. ಉರಿದದ್ದು ಹೊರಗೆ.”

“ಹಾಗಂದ್ರೆ?”

“ನಳಿಗೆ ಮೊಂಡು, ಸಾರ್. ಯಾರೋ ಕತ್ತರಿಸಿದ್ದಾರೆ.”

ರಾಮಪ್ರಸಾದರು ಸ್ಟೂಲ್ ಎಳೆದು ಸರಳಿನ ಮುಂದೆ ಕೂತರು.

“ಹಸನಬ್ಬ ದೋಣಿ ತಳ್ಳುದು ನೋಡಿದ್ದೀರಲ್ಲ?” ಎಂದ ಬೆಳ್ಯಪ್ಪ. “ಜಲ್ಲೆಯನ್ನು ಹೊಳೆಯ ಅಡಿಗೆ ಊರಿ, ದೋಣಿಯ ಈ ತುದಿಯಿಂದ ಆ ತುದಿಯವರೆಗೆ ನಡೀತಾನೆ. ದೋಣಿ ಉದ್ದ ಇದ್ದಷ್ಟು ಹೊತ್ತು ತಳ್ಳಲಿಕ್ಕೆ ಆಗ್ತದೆ. ಎರಡು ಹೆಜ್ಜೆಯ ದೋಣಿಯಾದ್ರೆ ಎರಡೇ ಹೆಜ್ಜೆ ತಳ್ಳುದು. ಮದ್ದೂ ಹಾಗೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ ಅದು ತಳ್ಳುದು. ನಳಿಗೆ ಬೇಗ ಮುಗಿದ್ರೆ ಗುಂಡು ನಿಧಾನಕ್ಕೆ ಹೊರಗೆ ಬೀಳ್ತದೆ, ಮದ್ದು ಅದರ ಹಿಂದೆ ಹೊರಗೆ ಬಂದು ಸುಮ್ಮನೆ ಉರೀತದೆ. ಶಬ್ದ ಹೆಚ್ಚು, ಬೆಂಕಿ ಹೆಚ್ಚು, ಏಟು ಕಡಿಮೆ.”

ಬೈರಾಸೂ ಗಾಯವೂ ಒಂದೇ ಮಾತಿಗೆ ಒಪ್ಪಿಕೊಂಡವು. ರಾಮಪ್ರಸಾದರಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು, ಆದರೆ ಅದು ಅರ್ಧ ನಿಮಿಷದ ಖುಷಿ.

“ಹಾಗಾದ್ರೆ ಈ ಊರಲ್ಲಿ ಎರಡನೇ ರಿವಾಲ್ವರ್ ಒಂದು ಇರಲೇಬೇಕು.”

“ಇರಬೇಕು.”

“ಯಾರಲ್ಲಿ?”

“ಅದೇ ನನಗೂ ತಿಳಿಯುದಿಲ್ಲ ಸಾರ್. ಯಾರಲ್ಲಿಯೂ ಇಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ತಲೆಬಿಸಿ. ಸುಳ್ಳಾದರೆ ಒಂದಲ್ಲ ಒಂದು ಕಡೆ ಬಿರುಕು ಬಿಡುತ್ತದೆ. ಇಲ್ಲಿ ಬಿರುಕೇ ಇರಲಿಲ್ಲ.

ಮರುದಿನ ಬೆಳಿಗ್ಗೆ, ಮಾರ್ಚ್ ೮ರಂದು, ಕುಮುದಿನಿ ಎಂದಿನಂತೆ ಗಂಜಿ ತಂದಳು. ಅವಳಿಗೆ ಸಮಾಧಾನ ಹೇಳುವ ಮನಸ್ಸಿನಿಂದ ರಾಮಪ್ರಸಾದರು, “ನಿಮ್ಮ ಯಜಮಾನರ ರಿವಾಲ್ವರ್ ಅಲ್ಲ ಅಂತ ಕಾಣ್ತದೆ. ಇನ್ನೊಂದು ಎಲ್ಲಿಂದ ಬಂತು ಅಂತ ಹುಡುಕ್ತಾ ಇದ್ದೇವೆ,” ಎಂದರು.

“ಇನ್ನೊಂದು ದೈವಕ್ಕೆ ಕೊಟ್ಟಾಯ್ತಲ್ಲ,” ಎಂದಳು ಕುಮುದಿನಿ, ತೂಕುಪಾತ್ರೆಯ ಮುಚ್ಚಳ ತೆಗೆಯುತ್ತ. “ಹದಿನಾಲ್ಕು ವರ್ಷ ಆಯ್ತು.”

ರಾಮಪ್ರಸಾದರು ಎರಡು ಹೆಜ್ಜೆ ಮುಂದೆ ಬಂದರು.

“ಯಾವುದು? ಯಾವ ದೈವಕ್ಕೆ?”

“ಊರಿನ ದೈವಕ್ಕೆ. ಇವರು ಯುದ್ಧದಿಂದ ಬರುವಾಗ ಎರಡು ತಂದಿದ್ದರು. ಒಂದು ಅಲ್ಲಿ ಸತ್ತ ಇವರ ಸ್ನೇಹಿತನದ್ದು. ಬಂದ ಮೇಲೆ ಇವರಿಗೆ ನಿದ್ರೆ ಇಲ್ಲ, ಎದ್ದು ಕೂತು ಬೊಬ್ಬೆ ಹೊಡೆಯುದು. ವರ್ಷದ ನೇಮದಲ್ಲಿ ಮೈಮೇಲೆ ಬಂದ ದೈವವನ್ನು ಕೇಳಿದಾಗ ಅದು ಹೇಳಿತು, ‘ನಿನ್ನದಲ್ಲದ್ದು ನಿನ್ನಲ್ಲಿ ಉಂಟು, ನನ್ನ ಕಾಲಬುಡಕ್ಕೆ ಹಾಕು’ ಅಂತ. ಹಾಕಿದರು. ತೋಟೆಯ ಚೀಲ ಸಮೇತ. ಆಮೇಲೆ ನಿದ್ರೆ ಬಂತು.”

ರಾಮಪ್ರಸಾದರು ಲಾಕಪ್ಪಿನ ಕಡೆ ತಿರುಗಿದರು. “ನಾನು ಕೇಳುವಾಗ ಇಲ್ಲ ಅಂದಿರಲ್ಲ ಮಾರಾಯ್ರೆ!”

ಬೆಳ್ಯಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಅದು ನನ್ನದಲ್ಲವಲ್ಲ ಸಾರ್. ಊರವರದ್ದೂ ಅಲ್ಲ.”

“ಚನಿಯಪ್ಪ, ನಿಮಗೆ ಇದು ಗೊತ್ತಿತ್ತಾ?”

ಹೆಡ್ ಕಾನ್‌ಸ್ಟೇಬಲ್ ನೆಲ ನೋಡಿದ. “ಗೊತ್ತಿತ್ತು ಸಾರ್. ನೇಮದ ದಿನ ಕತ್ತಿ, ಗಂಟೆಯ ಜತೆಗೆ ಮಣೆಯ ಮೇಲೆ ಇಡ್ತಾರೆ. ಕೆಂಪು ರೇಷ್ಮೆ ಪಟ್ಟೆಯಲ್ಲಿ ಸುತ್ತಿ, ನಳಿಗೆಯ ತುದಿ ಮಾತ್ರ ಕಾಣುವ ಹಾಗೆ. ಕಳೆದ ತಿಂಗಳು ಕೂಡ ಕೈ ಮುಗಿದು ಬಂದಿದ್ದೇನೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ದೈವದ ಆಯುಧವನ್ನು ರಿವಾಲ್ವರ್ ಲೆಕ್ಕಕ್ಕೆ ಯಾರು ಹಿಡೀತಾರೆ ಸಾರ್? ನನಗೆ ಹೊಳೆಯಲೇ ಇಲ್ಲ.”

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆಯುಧ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದಿಂದ ಸಾವಿರ ಜನರ ಕಣ್ಣೆದುರು ಲೈಸೆನ್ಸ್ ಇಲ್ಲದ ರಿವಾಲ್ವರ್ ಇಟ್ಟುಕೊಂಡ ದೈವದ ಮೇಲೆ ಯಾವ ಸೆಕ್ಷನ್ ಹಾಕಬೇಕೆಂದು ರಾಮಪ್ರಸಾದರಿಗೆ ಹೊಳೆಯಲಿಲ್ಲ. ಅವರು ಅದನ್ನು ಹೆಚ್ಚು ಯೋಚಿಸಲೂ ಹೋಗಲಿಲ್ಲ.

ದೈವದ ಆಯುಧಗಳಿರುವ ಭಂಡಾರದ ಪೆಟ್ಟಿಗೆಯ ಯಜಮಾನಿಕೆ ಯಾರದೆಂದು ಕೇಳಿದರೆ, ಅದೂ ದೇರಣ್ಣನದೇ. ಪುತ್ತೂರಿಗೆ ಹೋದಾಗ ಅವನ ಜ್ವರ ನೂರ ಒಂದಕ್ಕೆ ಇಳಿದಿತ್ತು. ಸೊಂಟದ ನೂಲಿನಿಂದ ಕೀಲಿಕೈ ಗೊಂಚಲನ್ನು ಬಿಡಿಸಿ ಕೊಟ್ಟ. ಗೊಂಚಲೆಂದರೆ ಎರಡೇ.

“ಸಣ್ಣದು ಭಂಡಾರದ್ದು. ದೊಡ್ಡದು ದೋಣಿಯದ್ದು.”

“ಸಣ್ಣದನ್ನು ಬೇರೆಯವರಿಗೆ ಕೊಡುದುಂಟಾ?”

“ನೇಮಕ್ಕೆ ಮುಂಚೆ ಎರಡು ದಿನ. ಆಯುಧಗಳನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಪಟ್ಟೆ ಸುತ್ತುದು ಒಂದೇ ಮನೆಯವರ ಚಾಕರಿ. ಈಗ ಕುಕ್ಕಪ್ಪ ಮಾಡುದು.”

ಪಂಚನಾಮೆಯ ಕೆಳಗೆ ಮೌನವಾಗಿ ಸಹಿ ಹಾಕಿ ಪೆನ್ನು ಒರೆಸಿ ಕೊಟ್ಟ ಕೈ ರಾಮಪ್ರಸಾದರ ಕಣ್ಣಮುಂದೆ ಬಂತು.

ಮಾರ್ಚ್ ೯, ಬೆಳಿಗ್ಗೆ ಹತ್ತು ಗಂಟೆ, ಭಂಡಾರದ ಮನೆ. ಪೊಲೀಸರು ಬೂಟು ಕಳಚಿ, ಕೈಕಾಲು ತೊಳೆದು ಒಳಗೆ ಹೋದರು. ಚನಿಯಪ್ಪ ಕೀಲಿಕೈ ಮುಟ್ಟಲು ಒಪ್ಪಲಿಲ್ಲ, ರಾಮಪ್ರಸಾದರೇ ತೆರೆದರು. ಪೆಟ್ಟಿಗೆಯಲ್ಲಿ ಎರಡು ಕತ್ತಿ, ಒಂದು ಗಂಟೆ, ಬೆಳ್ಳಿಯ ಮೊಗ. ಬದಿಯಲ್ಲಿ ಕೆಂಪು ಪಟ್ಟೆಯ ಸುತ್ತು, ಅದರ ತುದಿಯಲ್ಲಿ ಫಳಫಳ ಹೊಳೆಯುವ ನಳಿಗೆಯ ಬಾಯಿ.

“ಉಂಟಲ್ಲ ಸಾರ್!” ಎಂದ ಚನಿಯಪ್ಪ. ಅವನ ದನಿಯಲ್ಲಿ ಸಂತೋಷವಿತ್ತು.

ರಾಮಪ್ರಸಾದರು ಸುತ್ತನ್ನು ಎತ್ತಿದರು. ಬಹಳ ಹಗುರವಿತ್ತು. ಪಟ್ಟೆ ಬಿಡಿಸಿದರು. ಹಲಸಿನ ಮರದಲ್ಲಿ ರಿವಾಲ್ವರಿನ ಹಿಡಿಯ ಆಕಾರಕ್ಕೆ ಕೆತ್ತಿದ ತುಂಡು. ಅದಕ್ಕೆ ಸಿಕ್ಕಿಸಿದ ಕಬ್ಬಿಣದ ಕೊಳವೆ ನಾಲ್ಕು ಇಂಚು ಉದ್ದವಿತ್ತು, ಬುಡದಲ್ಲಿ ಗರಗಸದ ಗೀರು. ಜತೆಗಿದ್ದ ಚೀಲದಲ್ಲಿ ಬೆಳ್ಯಪ್ಪ ಒಪ್ಪಿಸಿದ್ದ ಹನ್ನೆರಡು ತೋಟೆ ಇರಬೇಕಾದಲ್ಲಿ ಆರು. ಫೆಬ್ರವರಿಯ ನೇಮದಲ್ಲಿ ಇಡೀ ಊರು ಕೈಮುಗಿದದ್ದು ನಾಲ್ಕು ಇಂಚು ಕಬ್ಬಿಣಕ್ಕೆ ಮತ್ತು ಒಂದು ಹಲಸಿನ ತುಂಡಿಗೆ. ಪಂಚರಲ್ಲಿ ಒಬ್ಬ ಮುದುಕ ಅಲ್ಲಿಯೇ ಕುಸಿದು ಕೂತು ಕೆನ್ನೆ ಬಡಿದುಕೊಂಡ.

ಠಾಣೆಗೆ ಬಂದು ರಾಮಪ್ರಸಾದರು ಬೆಳ್ಯಪ್ಪನ ಆ ಅರ್ಜಿಯನ್ನು ತೆಗೆದು ಈ ಸಲ ಕೊನೆಯವರೆಗೆ ಓದಿದರು. ‘೧೯೫೯ನೇ ಜುಲೈ ೨೨ರಂದು ಮಧ್ಯಾಹ್ನ ಸದರಿ ಗ್ರಾಮದ ಕುಕ್ಕಪ್ಪ ಎಂಬವರ ತಂಗಿ ಸೇವಂತಿ ಎಂಬಾಕೆಯನ್ನು ಹೆರಿಗೆಯ ಕಷ್ಟದಲ್ಲಿ ಕಡವಿಗೆ ತಂದಾಗ್ಗೆ ದೋಣಿಗೆ ಬೀಗವಿದ್ದು, ಕೀಲಿಕೈ ಸಿಗದೆ, ಆಕೆಯು ದಡದಲ್ಲಿಯೇ ಮೃತಳಾದಳು. ಮುಂದೆ ಹೀಗಾಗದಂತೆ ಬೀಗ ತೆಗೆಸಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.’ ದ್ವೇಷಕ್ಕೆಂದು ಗುರುತು ಹಾಕಿದ ಕಾಗದವೇ ಕಾರಣವನ್ನು ಹೇಳುತ್ತಿತ್ತು. ಹೇಳುತ್ತಿದ್ದುದು ಬೇರೆಯವನ ಕಾರಣ.

ಅದೇ ದಿನ ಮಧ್ಯಾಹ್ನ ಎರಡೂವರೆಗೆ ಕುಕ್ಕಪ್ಪನ ಮನೆ. ಅವನು ಅಂಗಳದಲ್ಲಿ ಅಕ್ಕಿಮುಡಿಗೆ ಬೈಹುಲ್ಲಿನ ಹಗ್ಗ ಹೊಸೆಯುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಓಡಲಿಲ್ಲ.

“ಎಲ್ಲಿಟ್ಟಿದ್ದಿ?”

“ಅಟ್ಟದಲ್ಲಿ.”

ಅಟ್ಟದ ಮೇಲೆ ಸೆಗಣಿ ಸಾರಿಸಿದ ಮೂಲೆಯಲ್ಲಿ ಮಣೆ. ಮಣೆಯ ಮೇಲೆ ಬಾಳೆಲೆಯ ತುಂಡು. ಅದರ ಮೇಲೆ ಒಂದೇ ಇಂಚು ನಳಿಗೆ ಉಳಿದಿದ್ದ ರಿವಾಲ್ವರ್, ಪಕ್ಕದಲ್ಲಿ ಒಣಗಿದ ಅಡಿಕೆ ಹಿಂಗಾರ. ಗುಂಡು ಹಾರಿಸಿದ ಮೇಲೆ ಹುಣಸೆಹುಳಿ ಹಾಕಿ ತಿಕ್ಕಿದ್ದ.

“ಮನೆಯ ಹತ್ತಿರವೇ ಹೊಳೆ ಉಂಟು. ಬಿಸಾಡಲಿಲ್ಲ ಯಾಕೆ?”

“ದೈವದ್ದಲ್ವಾ ಸಾರ್, ಬಿಸಾಡುದು ಹೇಗೆ? ಮುಂದಿನ ನೇಮಕ್ಕೆ ವಾಪಸ್ ಇಡಬೇಕು ಅಂತ ಇದ್ದೆ.”

“ನಳಿಗೆ ಕತ್ತರಿಸಿದ್ದು ಯಾಕೆ?”

“ಪೆಟ್ಟಿಗೆ ಖಾಲಿ ಆಗಬಾರದಲ್ಲ. ದೈವದ ಪಾಲು ದೈವಕ್ಕೆ ಇರಲಿ ಅಂತ. ಕೇಪಿನ ಕೋವಿಯಾದ್ರೆ ಉದ್ದ ನಳಿಗೆ ಬೇಕು, ಬಾಯಿಂದ ಮದ್ದು ಜಡಿಯಲಿಕ್ಕೆ. ಇದರ ಮದ್ದು ತೋಟೆಯೊಳಗೇ ಉಂಟು. ಕಸುವೆಲ್ಲ ತೋಟೆಯಲ್ಲಿ, ನಳಿಗೆ ಬರೀ ಹೊರಗೆ ಹೋಗುವ ದಾರಿ ಅಂತ ಎಣಿಸಿದೆ.”

“ಯಾಕೆ ಹೊಡೆದದ್ದು?”

ಕುಕ್ಕಪ್ಪ ಕೈಯಲ್ಲಿದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ನೆಲಕ್ಕೆ ಬಿಟ್ಟ.

“ಮೂರು ಗಂಟೆಗೆ ಅವಳನ್ನು ಕಡವಿಗೆ ತಂದದ್ದು. ಮಳೆಗಾಲದಲ್ಲಿ ಈಚೆಗೆ ಲಾರಿ ಬರುದಿಲ್ಲ, ಆಚೆ ದಡಕ್ಕೆ ದಾಟಿಸಿಯೇ ಆಸ್ಪತ್ರೆಗೆ ಹೋಗಬೇಕು. ಹೊಳೆ ತುಂಬಿತ್ತು, ಇಲ್ಲ ಅಂತ ಹೇಳುದಿಲ್ಲ. ಹಸನಬ್ಬ ಜಲ್ಲೆ ಹಿಡಿದು ತಯಾರಿದ್ದ. ಕೀಲಿಕೈ ಕೇಳಲಿಕ್ಕೆ ಮೂರು ಸಲ ಓಡಿದೆ. ‘ಹೊಳೆ ಇಳಿಯಲಿ’ ಅಂತ ಒಳಗಿನಿಂದ ಹೇಳಿ ಕಳುಹಿಸಿದ್ರು. ಮಳೆ ತಾಗದ ಹಾಗೆ ಓಲೆಯ ಗೊರಬೆ ಅಡಿಯಲ್ಲಿ ಮಲಗಿಸಿದ್ದೆವು. ಐದು ಗಂಟೆಗೆ ಹೋದಳು. ಮಗು ಹೊಟ್ಟೆಯಲ್ಲೇ.”

ಅವನು ಕೈಗೆ ಅಂಟಿದ ಹುಲ್ಲಿನ ಹೊಟ್ಟನ್ನು ಒರೆಸಿಕೊಂಡ.

“ಕಳೆದ ವರ್ಷ ನೇಮದಲ್ಲಿ ಕೇಳಿದೆ. ‘ಒಂದು ವರ್ಷದೊಳಗೆ ನ್ಯಾಯ ತೋರಿಸ್ತೇನೆ’ ಅಂದಿತು ದೈವ. ವರ್ಷ ಕಳೆಯಿತು, ಎಂತದೂ ಆಗಲಿಲ್ಲ. ಮೊನ್ನೆ ಆಯುಧ ತಿಕ್ಕುವಾಗ ಕೀಲಿಕೈ ನನ್ನ ಕೈಯಲ್ಲಿತ್ತು, ದೈವದ ಕೋವಿ ನನ್ನ ಕೈಯಲ್ಲಿತ್ತು. ನನ್ನ ಕೈಯಿಂದಲೇ ಮಾಡಿಸುದು ಅಂತ ತಿಳಿದೆ.”

“ಹೊಡೆದವನೇ ಮಂಚ ಹೊತ್ತದ್ದು ಯಾಕೆ?”

“ಬಿದ್ದದ್ದು ನೋಡಿದೆ. ನೀರು ಕೇಳ್ತಾ ಇದ್ದರು.” ಕುಕ್ಕಪ್ಪ ಮಂಚ ಹೊತ್ತ ಹೆಗಲನ್ನು ಸವರಿಕೊಂಡ. “ಗೊತ್ತಿಲ್ಲ ಸಾರ್.”

ದಸ್ತಗಿರಿಯ ಸಮಯ ಮೂರು ಗಂಟೆ ಹತ್ತು ನಿಮಿಷ. ಸಂಜೆ ಮ್ಯಾಜಿಸ್ಟ್ರೇಟರ ಆದೇಶ ತರಿಸಿ ಬೆಳ್ಯಪ್ಪನನ್ನು ಬಿಟ್ಟರು. ರಾಮಪ್ರಸಾದರು ಅವನ ಕೈ ಹಿಡಿದು, “ತಪ್ಪಾಯ್ತು ಜಮಾದಾರ್ರೆ,” ಎಂದರು. ಬೆಳ್ಯಪ್ಪ ಲಾಕಪ್ಪಿನ ಕಡೆ ನೋಡಿದ. ಅವನು ಎದ್ದುಬಂದ ಚಾಪೆಯಲ್ಲಿ ಈಗ ಕುಕ್ಕಪ್ಪ ಕೂತಿದ್ದ. ಮರುದಿನ ಬೆಳಿಗ್ಗೆಯೂ ಕುಮುದಿನಿ ಗಂಜಿ ತಂದಳು.

ಪರೀಕ್ಷೆ ಪೂರ್ತಿಯಾಗಬೇಕೆಂದು ಮಾರ್ಚ್ ೧೧ರಂದು ಮೊಂಡು ರಿವಾಲ್ವರಿನಿಂದ ಅದೇ ಹಳೆಯ ತೋಟೆ ಹಾಕಿ ಮೂರು ಮೊಳದಿಂದ ಹೊಡೆದರು. ಹಗಲಿನಲ್ಲೂ ಕಣ್ಣು ಕುಕ್ಕುವಷ್ಟು ಬೆಂಕಿ ಬಂತು, ಬೈರಾಸು ಕರಿಯಾಯಿತು, ಗುಂಡು ಒಂದು ದಿಂಡು ದಾಟಿ ಎರಡನೆಯದರ ಸಿಪ್ಪೆಯಲ್ಲಿ ಕಚ್ಚಿಕೊಂಡಿತು. ಅದೇ ಹಳೆಯ ತೋಟೆಯನ್ನು ಬೆಳ್ಯಪ್ಪನ ಪೂರ್ತಿ ಉದ್ದದ ರಿವಾಲ್ವರಿಗೆ ಹಾಕಿ ಹೊಡೆದಾಗ ಮೂರು ದಿಂಡು ದಾಟಿತು. ಆ ದಿನವೇ ಪುತ್ತೂರಿನಿಂದ ಸುದ್ದಿ ಬಂತು: ಜ್ವರ ಬಿಟ್ಟಿದೆ, ದೇರಣ್ಣ ಬದುಕುತ್ತಾನೆ.

ರಾಮಪ್ರಸಾದರು ಅದನ್ನು ತಾವೇ ಕುಕ್ಕಪ್ಪನಿಗೆ ಹೇಳಿದರು. ಅವನು ತಲೆ ಎತ್ತಿದ.

“ನಳಿಗೆ ಪೂರ್ತಿ ಇದ್ದಿದ್ರೆ?”

“ಅವರು ಅಲ್ಲಿಯೇ ಸಾಯ್ತಿದ್ದರು. ನಿನಗೆ ನೇಣು.”

“ನಾನು ದೈವಕ್ಕೆ ಬಿಟ್ಟದ್ದು ನಾಲ್ಕು ಇಂಚು,” ಎಂದ ಕುಕ್ಕಪ್ಪ. “ದೈವ ಅಷ್ಟರಲ್ಲೇ ಇಬ್ಬರನ್ನೂ ಇಟ್ಟುಕೊಂಡಿತಲ್ಲ ಸಾರ್.” ಹಿಡಿದ ದಿನದಿಂದ ಒಮ್ಮೆಯೂ ಅಳದವನು ಮೋರೆ ಮುಚ್ಚಿಕೊಂಡು ಅತ್ತ. ರಾಮಪ್ರಸಾದರು ನೀರು ತರಿಸಿಕೊಟ್ಟರು.

ಮಾರ್ಚ್ ೨೦ರಂದು ಪುತ್ತೂರಿಗೆ ಹೋಗಿ ಕೊನೆಯ ಹೇಳಿಕೆ ಬರೆದುಕೊಂಡು, ಕೀಲಿಕೈಗಳನ್ನು ಹಿಂದಿರುಗಿಸಲು ಹೊರಟರು. ದೇರಣ್ಣ ದಿಂಬಿಗೆ ಒರಗಿ ಕೂತಿದ್ದ. ಹೊಡೆದವನು ಯಾರು, ಯಾಕೆ ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು.

“ಆ ದಿನ ದೋಣಿ ಬಿಟ್ಟಿದ್ದರೆ ನಾಲ್ಕೈದು ಜನ ಮುಳುಗ್ತಿದ್ದರು ಸಾರ್,” ಎಂದ. “ಅಷ್ಟು ನೀರಿತ್ತು ಅಂತ ಎಲ್ಲರೂ ಹೇಳಿದ್ದಾರೆ.”

“ಇರಬಹುದು.”

ದೇರಣ್ಣ ಕಿಟಕಿಯ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ. “ಆದರೆ ನಾನು ಹೊಳೆ ನೋಡಲಿಲ್ಲ. ಊಟ ಆಗಿತ್ತು, ಮಲಗಿದ್ದೆ. ಮಳೆಯಲ್ಲಿ ಅಷ್ಟು ದೂರ ಯಾರು ಹೋಗುದು ಅಂತ ಏಳಲಿಲ್ಲ.”

ರಾಮಪ್ರಸಾದರು ಅದನ್ನೂ ಬರೆದುಕೊಂಡರು. ಬರೆದು ಮುಗಿಯುವವರೆಗೆ ದೇರಣ್ಣ ತಡೆಯಲಿಲ್ಲ. ಕೀಲಿಕೈಗಳನ್ನು ಮುಂದೆ ಹಿಡಿದಾಗ ಸಣ್ಣದನ್ನು ತೆಗೆದುಕೊಂಡ.

“ದೊಡ್ಡದು ಹಸನಬ್ಬನ ಹತ್ತಿರ ಇರಲಿ,” ಎಂದ.

ಚನಿಯಪ್ಪ ಅದನ್ನು ಆ ಸಂಜೆಯೇ ಕಡವಿಗೆ ತಲುಪಿಸಿದ.